ಏಳನೆಯ ಪ್ರಶ್ನೆ

ಕೆಂಪು ಪೆನ್ನು ಏಳನೆಯ ಪ್ರಶ್ನೆಯ ಮೇಲೆ ನಿಂತಿತು. ಆದಿರಾಳ ಉತ್ತರ: 17.3 ಮೀಟರ್. ಚಿತ್ರವಿಲ್ಲ, ಲೆಕ್ಕವಿಲ್ಲ, ಬರಿಯ ಉತ್ತರ. ಶ್ರೀಕಲಾ ಟೀಚರ್ ಪೆನ್ನಿನ ಮುಚ್ಚಳ ಹಾಕಿದರು. ಕಳ್ಳಿ ಸಿಕ್ಕಿಬಿದ್ದಿದ್ದಳು.

ಜೂನಿನಲ್ಲಿ ಶ್ರೀಕಲಾ ಕೋಳಿಕ್ಕೋಡಿನಿಂದ ಆಲಪ್ಪುಳದ ಈ ಶಾಲೆಗೆ ವರ್ಗವಾಗಿ ಬಂದಾಗ, ಹುಡುಗಿ ಮೊದಲ ಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟಿದ್ದಳು. ಹೆಸರನ್ನೂ ಬರೆದಿರಲಿಲ್ಲ. ಈಗ ಎಸ್ಸೆಸ್ಸೆಲ್ಸಿಗೆ ತಿಂಗಳಿರುವಾಗ, ತ್ರಿಕೋನಮಿತಿಯ ಎರಡು ತಯಾರಿ ಪರೀಕ್ಷೆಗಳಲ್ಲೂ ನಲವತ್ತಕ್ಕೆ ಮೂವತ್ತೆಂಟು. ಯಾರಿಗಾದರೂ ಅನುಮಾನ ಬರದೆ ಇರುತ್ತದೆಯೇ?

ಹುಡುಗಿಯ ಅಮ್ಮ ತಂಗಮಣಿ ಶಾಲೆಯ ಕಸ ಗುಡಿಸುವವಳು. ಅವಳೂ ಜೂನಿನಲ್ಲೇ ದಿನಗೂಲಿಗೆ ಸೇರಿದವಳು. ಕಚೇರಿಯ ಬೀಗದ ಕೈ ಅವಳ ಹತ್ತಿರ. ಪ್ರಶ್ನೆಪತ್ರಿಕೆ ಇಡುವ ಬೀರು ಆ ಕಚೇರಿಯಲ್ಲೇ, ಅದಕ್ಕೆ ಬೀಗವಿಲ್ಲ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ಶ್ರೀಕಲಾ ತೀರ್ಮಾನಿಸಿದರು.

ಸಾಕ್ಷಿಯೊಂದು ಬೇಕಿತ್ತು. ಅದಕ್ಕಾಗಿ ಒಂದು ಬೋನು ಇಟ್ಟರು.

ಪುಸ್ತಕದ ದೀಪಸ್ತಂಭ, ಹಡಗುಗಳ ಲೆಕ್ಕ ಅವರಿಗೆ ಸಪ್ಪೆ. ಕಣ್ಣೆದುರಿನ ವಸ್ತುವನ್ನೇ ಅಳೆಯಬೇಕು. ಶಾಲೆಯ ಬಾವಿಯ ಬಳಿ ಒಂದು ತೆಂಗಿನಮರವಿತ್ತು. ಕಾಯಿ ಒಣಗಿ ತಾನಾಗಿ ಉದುರುತ್ತಿದ್ದರೂ ಯಾರೂ ಹತ್ತಿ ಕೀಳುತ್ತಿರಲಿಲ್ಲ. ಸೋಮಾರಿ ಊರು! ಒಂದು ಶನಿವಾರ ಶ್ರೀಕಲಾ ಕೋನಮಾಪಕವನ್ನು ನೆಲಮಟ್ಟದಲ್ಲಿ ಹಿಡಿದು, ಮರದ ತುದಿ ಅರವತ್ತು ಡಿಗ್ರಿಗೆ ಕಾಣುವವರೆಗೆ ಹಿಂದೆ ಸರಿದರು. ದೂರ ಹತ್ತು ಮೀಟರ್. ಎತ್ತರ 17.3.

ಅಂಗಳ ಗುಡಿಸುತ್ತಿದ್ದ ತಂಗಮಣಿ ಕೇಳಿದಳು, "ಏನ್ ಟೀಚರೇ ಮಾಡ್ತಿದೀರಿ?"

"ಈ ಮರ ಎಷ್ಟೆತ್ತರ ಅಂತ ನೋಡ್ತಿದೀನಿ. ಮಕ್ಕಳ ಪರೀಕ್ಷೆಗೆ."

ತಂಗಮಣಿ ಪೊರಕೆ ಅಲ್ಲೇ ಬಿಟ್ಟು ಒಳಗೆ ಹೋದಳು. ಮರದ ಬುಡ ಹಾಗೇ ಉಳಿಯಿತು. ಅಲ್ಲಿ ಅವಳು ಎಂದೂ ಗುಡಿಸಿದವಳಲ್ಲ. ಪ್ರಶ್ನೆ ತಿಳಿದ ಖುಷಿಗೆ ಕೈಕೆಲಸ ಮರೆತಳು ಎಂದುಕೊಂಡರು ಶ್ರೀಕಲಾ.

ಅರವತ್ತು ಡಿಗ್ರಿಯ ಪತ್ರಿಕೆಯನ್ನು ಬೀರುವಿನಲ್ಲಿಟ್ಟರು. ಪರೀಕ್ಷೆಯ ದಿನ ಚೀಲದಿಂದ ತೆಗೆದು ಹಂಚಿದ್ದು ಬೇರೆಯದು: ಅದೇ ಮರ, ಅದೇ ದೂರ, ಆದರೆ ನಲವತ್ತೈದು ಡಿಗ್ರಿ. ಸರಿಯುತ್ತರ ಹತ್ತು. 17.3 ಎಂದು ಬರೆಯುವವರು ಬೀರು ತೆರೆದವರೇ.

ಈಗ ಮುಖ್ಯೋಪಾಧ್ಯಾಯ ಪುರುಷೋತ್ತಮನ್ ಮಾಷ್ ಎದುರು ಅಮ್ಮ, ಮಗಳು ನಿಂತಿದ್ದರು. ಮಾಷ್ ಮೇಜಿನ ಮೇಲೆ ಹಾಲಿಲ್ಲದ ಕಟ್ಟನ್ ಚಾಯ ಆರುತ್ತಿತ್ತು.

"ಇದು ಸಾಬೀತಾದ್ರೆ ತಂಗಮಣಿ ನಾಳೆಯಿಂದ ಕೆಲಸಕ್ಕೆ ಬರೋದು ಬೇಡ. ಹುಡುಗೀನ ಪರೀಕ್ಷೆಗೆ ಕೂರಿಸೋದೂ ಕಷ್ಟ," ಎಂದರು ಮಾಷ್.

ತಂಗಮಣಿ ಕೈಮುಗಿದಳು. "ಆ ಬೀರು ನಾನು ಮುಟ್ಟಿಲ್ಲ ಮಾಷೇ. ದೇವರಾಣೆ."

"ದೇವರನ್ನ ಎಳೀಬೇಡ. ನಿನ್ನ ಮಗಳೇ ಹೇಳ್ಲಿ," ಎಂದು ಶ್ರೀಕಲಾ ಹುಡುಗಿಯತ್ತ ತಿರುಗಿದರು. "ಏಳನೇದು ಹೇಗೆ ಮಾಡ್ದೆ ಮಗೂ?"

"ಮಾಡ್ಲಿಲ್ಲ ಟೀಚರ್. ಗೊತ್ತಿತ್ತು."

"ಮೊದಲೇ?"

"ಹೂಂ. ಲೆಕ್ಕ ಮಾಡಿದ್ರೆ ಹತ್ತು ಬರತ್ತೆ. ಆದ್ರೆ ಅದು ಹತ್ತಲ್ಲ. ಹತ್ತು ಅಂತ ಬರೆಯೋಕೆ ಕೈ ಬರ್ಲಿಲ್ಲ."

"ಯಾರು ಹೇಳಿದ್ರು ನಿಂಗೆ?"

"ಯಾರೂ ಇಲ್ಲ. ಅಮ್ಮ ತಂದಿದ್ದ ಕಾಗದದಲ್ಲಿತ್ತು. ನಾನೇ ಓದಿ ಅಮ್ಮಂಗೆ ಹೇಳ್ದೆ."

"ಕೇಳಿದ್ರಾ ಮಾಷೇ? ಇನ್ನೇನ್ ಬೇಕು?" ಶ್ರೀಕಲಾಗೆ ಗೆದ್ದ ಸಂತೋಷ. ಹುಡುಗಿ ಅಳದೆ ನಿಂತದ್ದು ನೋಡಿ ಸಿಟ್ಟೂ ಬಂತು. ಎಂಥ ಭಂಡತನ!

"ಆ ಪ್ರಶ್ನೆಪತ್ರಿಕೆ ಕೊಡಿ ಇಲ್ಲಿ," ಎಂದರು ಮಾಷ್. ಅದನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು. ಏಳನೆಯ ಪ್ರಶ್ನೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು. ತಂಗಮಣಿಗೆ ಕುರ್ಚಿ ಎಳೆದುಕೊಟ್ಟರು.

"ಟೀಚರೇ, ಕಳೆದ ಮೇ ತಿಂಗಳಲ್ಲಿ ಇವಳಪ್ಪ ಕಾಯಿ ಕೀಳೋಕೆ ಹತ್ತಿ ಬಿದ್ದು ಸತ್ತದ್ದು ಆ ಮರದಿಂದಲೇ, ಹದಿನೇಳು ಮೀಟರ್ ಮೂವತ್ತು ಸೆಂಟಿಮೀಟರ್ ಅಂತ ಪೊಲೀಸರು ಬರೆದು ತಂಗಮಣಿಗೆ ಪ್ರತಿ ಕೊಟ್ಟ ಮಹಜರಿಗೆ ಸಾಕ್ಷಿ ಸಹಿ ಹಾಕಿದವನು ನಾನು."