ಹಂಪಮ್ಮನ ನೆರಳು ಸಂಘ

ಬಸ್ ನಿಲ್ದಾಣದ ನೆಲ ಆಗಲೇ ಕಾದ ಹೆಂಚಾಗಿತ್ತು. ನೆರಳು ಸಂಘದ ಹಂಪಮ್ಮ, ಬೆಳಿಗ್ಗೆ ಊರ ಜನ ಬಿಚ್ಚಿಕೊಟ್ಟಿದ್ದ ನೆರಳುಗಳನ್ನು ಸೀರೆಯಂತೆ ಕೊಡವಿ ಹಾಸುತ್ತಿದ್ದಳು. ಬಿಚ್ಚಿದ ನೆರಳು ಮರುದಿನ ಮತ್ತೆ ಬೆಳೆಯುತ್ತಿತ್ತು. ಆದರೆ ಯಾರಿಗೂ ಅವರವರ ನೆರಳು ತಂಪು ಕೊಡುತ್ತಿರಲಿಲ್ಲ, ಇನ್ನೊಬ್ಬರದೇ ಬೇಕಿತ್ತು. ಪೈಲ್ವಾನನೊಬ್ಬನ ಅಗಲ ನೆರಳಿನಲ್ಲಿ ತುಂಬು ಬಸುರಿ ಲಾಲಬಿ ಕಾಲು ಚಾಚಿ ಕೂತಿದ್ದಳು.

ನೆರಳಿನ ಗುತ್ತಿಗೆ ಹಿಡಿದ ಕಂಪನಿಯ ಮ್ಯಾನೇಜರ್ ವ್ಯಾನಿನಿಂದ ಇಳಿದ.

“ಇನ್ನು ಇಲ್ಲಿ ಪುಕ್ಕಟೆ ಕೊಡೋ ಹಾಗಿಲ್ಲಮ್ಮ. ನೀವು ಹಿಂಗ ಕೊಟ್ರ ನಮ್ಮ ನೆರಳು ಯಾರು ಕೊಳ್ತಾರ?”

“ಕೊಳ್ಳಾಕ ಆಗದವ್ರಿಗೇ ಸಂಘ ಇರೋದ್ರಿ,” ಎಂದಳು ಹಂಪಮ್ಮ, ಕೈಕೆಲಸ ಬಿಡದೆ.

ಅವನ ಆಳುಗಳು ಲಾಲಬಿಯ ಕೆಳಗಿನದನ್ನೂ ಎಳೆದುಕೊಂಡು, ನೆರಳುಗಳನ್ನೆಲ್ಲ ಸುತ್ತಿ ವ್ಯಾನಿಗೆ ತುಂಬಿಕೊಂಡು ಹೋದರು. ‘ನೆರಳು ಬಾಡಿಗೆಗೆ ಇದೆ’ ಎಂಬ ಬೋರ್ಡು ನೆಡಲು ಮ್ಯಾನೇಜರ್ ಅಲ್ಲೇ ಉಳಿದ.

ಹಂಪಮ್ಮ ಬಗ್ಗಿ, ಹಿಮ್ಮಡಿಯಿಂದ ತನ್ನ ನೆರಳನ್ನೇ ಬಿಚ್ಚಿ ಲಾಲಬಿಗೆ ಹಾಸಿದಳು. ಬಡಕಲು ನೆರಳು; ಲಾಲಬಿಯ ಕಾಲುಗಳು ಬಿಸಿಲಲ್ಲೇ ಉಳಿದವು. ನೋಡುತ್ತಿದ್ದ ಹಮಾಲನೊಬ್ಬ ಮೂಟೆ ಇಳಿಸಿ, ತನ್ನದನ್ನು ಬಿಚ್ಚಿ ಆ ಕಾಲುಗಳಿಗೆ ಹಾಸಿದ. ಆಮೇಲೆ ಹೂವಿನವಳು, ಕಂಡಕ್ಟರು, ಆಗಷ್ಟೇ ಬಂದ ಬಸ್ಸಿನ ಜನರೆಲ್ಲ ಬಿಚ್ಚಿದರು. ನಿಲ್ದಾಣದ ಉದ್ದಕ್ಕೂ ನೆರಳು ಹಾಸಿಕೊಂಡಿತು.

ಬೋರ್ಡಿನ ಕಂಬ ಹಿಡಿದು ನಿಂತಿದ್ದ ಮ್ಯಾನೇಜರನಿಗೆ ಬಿಸಿಲಿಗೆ ತಲೆ ಸುತ್ತತೊಡಗಿತು. ಹಂಪಮ್ಮ ಸರಿದು ಜಾಗ ಮಾಡಿದಳು.

“ಬರ್ರಿ, ಕುಂದರ್ರಿ. ಎದ್ದು ಹೋಗೋ ಮುಂದ ನಿಮ್ದೂ ಬಿಚ್ಚಿಟ್ಟು ಹೋಗ್ರಿ.”