ಗುಡ್ಡದ ಮೇಲೆ ಹಾಸಿದ ಕಂಬಳಿ

ದೇವರನ್ನೂ ಕೂರಿಸುವ ಕಂಬಳಿಯನ್ನು ಕುರಿ ಕಾಯುವ ತುಳಜಾಬಾಯಿ ಅತಿಥಿಗೆಂದು ಗುಡ್ಡದ ನೆತ್ತಿಯಲ್ಲಿ ಹಾಸಿದ್ದಳು. ಹುಮನಾಬಾದಿನ ಸಾಹುಕಾರ ಬೂಟು ಬಿಚ್ಚದೆ ಅದರ ಮೇಲೆ ಕೂತ. ಬೆನ್ನ ಹಿಂದೆ ಅವನು ಆಗಷ್ಟೇ ಖರೀದಿಸಿದ ನವಾಬರ ಕಾಲದ ಬಂಗಲೆ. ಕೆಳಗೆ ದೂರದಲ್ಲಿ ಬಸವಕಲ್ಯಾಣ. ಅವಳು ಕೊಟ್ಟ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡ.

"ನಾಳಿಯಿಂದ ನಿಮ್ಮ ಕುರಿ ಈ ಗುಡ್ಡ ಹತ್ತಬಾರ್ದು. ತಂತಿಬೇಲಿ ಹಾಕಸ್ತೀನಿ. ನಮ್ಮ ಮನ್ಯಾಗಿನವ್ರಿಗೆ ಕುರಿ ವಾಸನಿ ಆಗೂದಿಲ್ಲ."

"ಮತ್ತ ಎಲ್ಲಿ ಮೇಯಸೂದ್ರಿ? ಕೆಳಗೆಲ್ಲ ಬಿತ್ಯಾರ," ಎಂದಳು ತುಳಜಾಬಾಯಿ.

"ಅದು ನಿಮ್ಮ ಫಿಕೀರು. ಈ ಗುಡ್ಡಕ್ಕ ಈಗ ನಾ ಮಾಲಕ."

ಪಕ್ಕದಲ್ಲಿ ನಿಂತಿದ್ದ ಅವಳ ಗಂಡ ಪಂಡರಿ ಬೇಡಿಕೊಳ್ಳಲು ಕೈಮುಗಿದ. ತುಳಜಾಬಾಯಿ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಬಾಗಿ, ಕಂಬಳಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು.

"ಏಳ್ರಿ ಸಾಹುಕಾರ್ರ. ಇದು ಪಾವಣೇರಿಗೆ, ಮನಿಗೆ ಬಂದ ಅತಿಥಿಗೆ, ಹಾಸಿದ ಕಂಬಳಿ. ಮಾಲಕ್ರು ನೆಲದ ಮ್ಯಾಲ ಕೂಡ್ರಲಿ."