ಒಂದು ತೋಳಿನಷ್ಟು ನೌಕರಿ

ಕಡಿದುಹೋದ ನರ ದಿನಕ್ಕೊಂದು ರಾಗಿಕಾಳಿನಷ್ಟು ಮತ್ತೆ ಬೆಳೆಯುತ್ತಿತ್ತು. ಅದನ್ನು ಬೆಳೆಸುವ ಸಂಶೋಧಕರ ನೌಕರಿಯೂ ಆ ನರದಷ್ಟೇ ಉದ್ದ. ರೋಗಿಯ ಬೆರಳ ತುದಿಗೆ ಸ್ಪರ್ಶ ತಲುಪಿದ ದಿನವೇ ಕೆಲಸ ಮುಗಿಯಿತೆಂದು ಲೆಕ್ಕ. ಹಾಗಾಗಿ ಪಿಎಚ್.ಡಿ. ಮುಗಿಸಿದವರೆಲ್ಲ ನೀಳ ಕೈಕಾಲಿನವರಿಗಾಗಿ ಮುಗಿಬೀಳುತ್ತಿದ್ದರು. ಶರ್ವಾಣಿಯ ಪಾಲಿಗೆ ಬಂದದ್ದು ರಾಮನಗರದಲ್ಲಿ ರೇಷ್ಮೆನೂಲು ತೆಗೆಯುವ ಜಬೀನಾಳ, ಸ್ಪರ್ಶವೇ ಇಲ್ಲವಾಗಿದ್ದ ಗಿಡ್ಡ ಬಲತೋಳು.

ಒಂದೂವರೆ ವರ್ಷವಾಗಿತ್ತು; ಲೆಕ್ಕದ ಪ್ರಕಾರ ನರ ಬೆರಳ ತುದಿ ಮುಟ್ಟಿರಬೇಕಿತ್ತು. ಈ ವಾರವೆಲ್ಲ ಶರ್ವಾಣಿ ಬೆರಳಿಗೆ ಸೂಜಿ ತಾಗಿಸಿದಾಗ ಜಬೀನಾ ಚಾವಣಿ ನೋಡುತ್ತ, "ಏನೂ ಗೊತ್ತಾಗ್ತಿಲ್ಲ ಕಣಮ್ಮ" ಎನ್ನುತ್ತಿದ್ದಳು. ನರ ಎಲ್ಲಿ ದಾರಿ ತಪ್ಪಿತೋ ಎಂದು ಶರ್ವಾಣಿಗೆ ಊಟವೂ ಸೇರುತ್ತಿರಲಿಲ್ಲ.

ಇಂದು ಅವಳು ಕೊನೆಯ ಪ್ರಯತ್ನವೆಂದು ಬಿಸಿನೀರಿನ ಬೋಗುಣಿಯಲ್ಲಿ ರೇಷ್ಮೆಗೂಡುಗಳನ್ನು ತೇಲಿಬಿಟ್ಟು ಮುಂದಿಟ್ಟಳು. ಜಬೀನಾಳ ಬೆರಳು ತಡೆಯಲಿಲ್ಲ. ಗೂಡನ್ನು ಸವರಿ, ಕಣ್ಣಿಗೂ ಕಾಣದ ಎಳೆಯ ತುದಿ ಹಿಡಿದು ಎಳೆದೇಬಿಟ್ಟಿತು.

"ಎಷ್ಟು ದಿನದಿಂದ?" ಶರ್ವಾಣಿ ನಗುತ್ತ, ಅಳುತ್ತ ಕೇಳಿದಳು.

"ಸೋಮವಾರದಿಂದ. ನಿನ್ ಕೆಲ್ಸ ಹೋಗ್ತದಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ."

"ಹೋದ್ರೆ ಹೋಗ್ಲಿ ಬಿಡಿ!"

"ಯಾಕ್ ಹೋಗ್ತದೆ? ಹೊರಗೆ ನಮ್ ನಾದಿನೀನ ಕೂರ್ಸಿದೀನಿ. ಬಲಗಾಲು ಸೊಂಟದಿಂದ್ಲೇ ಮರಗಟ್ಟಿದೆ. ಆರಡಿ ಹೆಣ್ಣು, ಮೂರು ವರ್ಷಕ್ಕೆ ಮೋಸ ಇಲ್ಲ!"